ಉತಾರ ಉಳಿಯಿತು, ಭಾಷೆ ಅಳಿಯಿತು

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆ ಮಾಡಿಕೊಂಡು, ಊರಿನಲ್ಲಿ ಎರಡೆಕರೆ ಹೊಲ ಉಳಿಸಿಕೊಂಡವರಿಗೆ ಉತಾರದ ಬೆಲೆ ಗೊತ್ತು. ಬ್ಯಾಂಕಿನ ಸಾಲಕ್ಕೂ ಕೋರ್ಟಿನ ವ್ಯಾಜ್ಯಕ್ಕೂ ಅದು ಬೇಕೇ ಬೇಕು. ಹಳೆಯ ಮೈಸೂರಿನವರು ಪಹಣಿ ಎನ್ನುವ ಈ ಕಾಗದ ಒಂದು ಕಾಲಕ್ಕೆ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಅದನ್ನು ಗಣಕಯಂತ್ರಕ್ಕೆ ಏರಿಸಿದ್ದು ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ತಾಲೂಕು ಕಚೇರಿಗಳ ಗಣಕಗಳನ್ನು ಸೇರಿದ್ದವು. ಆಗ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುತ್ತಿತ್ತು.

ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಸಿದ್ಧಪಡಿಸಿದ ಆ ತಂತ್ರಾಂಶದ ಮುಖಭಾಗವನ್ನು ಬರೆದದ್ದು ವಿಷುಯಲ್ ಬೇಸಿಕ್ 6 ಎಂಬ ಗಣಕ ಭಾಷೆಯಲ್ಲಿ. ಮೈಕ್ರೋಸಾಫ್ಟ್ ಕಂಪೆನಿ 1991ರಲ್ಲಿ ಹೊರತಂದ ಈ ಭಾಷೆಯ ಆರನೆಯ ಆವೃತ್ತಿ ಬಂದದ್ದು 1998ರಲ್ಲಿ.

ಇದರ ಜನಪ್ರಿಯತೆಗೆ ಕಾರಣ ಸರಳ. ತೆರೆಯ ಮೇಲೆ ಅರ್ಜಿಯ ನಮೂನೆಯೊಂದನ್ನು ಚಿತ್ರಿಸಿ, ಅದರಲ್ಲಿ ಗುಂಡಿಗಳನ್ನು ಕೂರಿಸಬಹುದಿತ್ತು. ಪ್ರತಿಯೊಂದು ಗುಂಡಿಯೂ ಒಂದು ‘ವಸ್ತು’. ಅದಕ್ಕೆ ಹೆಸರು, ಗಾತ್ರ, ಬಣ್ಣಗಳೆಂಬ ಗುಣಗಳುಂಟು. ಒತ್ತಿದರೆ ಏನು ಮಾಡಬೇಕೆಂಬ ಆಜ್ಞೆಯೂ ಉಂಟು. ವಸ್ತುನಿಷ್ಠ ಭಾಷೆ ಎಂದರೆ ಹೀಗೆ ಗುಣ ಮತ್ತು ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟುವ ಭಾಷೆ. ಆದರೆ ತಂದೆಯ ಗುಣ ಮಗನಿಗೆ ಬರುವಂತೆ, ಒಂದು ವಸ್ತುವಿಗಾಗಿ ಬರೆದ ಆಜ್ಞೆಗಳು ಇನ್ನೊಂದಕ್ಕೆ ತಾನಾಗಿ ಇಳಿಯುವ ಆನುವಂಶಿಕತೆ ಇದರಲ್ಲಿ ಇರಲಿಲ್ಲ. ಆದ್ದರಿಂದ ಇದನ್ನು ಅರ್ಧ ವಸ್ತುನಿಷ್ಠ ಭಾಷೆ ಎಂದವರೂ ಇದ್ದರು.

2002ರಲ್ಲಿ ಕಂಪೆನಿ ಆ ಕೊರತೆ ತುಂಬಿದ ವಿಷುಯಲ್ ಬೇಸಿಕ್ ಡಾಟ್‌ನೆಟ್ ತಂದಿತು. ಹೆಸರು ಹಳೆಯದಾದರೂ ಹಳೆಯ ಪ್ರೋಗ್ರಾಮುಗಳು ಅದರಲ್ಲಿ ಇದ್ದಂತೆಯೇ ನಡೆಯಲಿಲ್ಲ. 2005ರಲ್ಲಿ ಹಲವಾರು ಪ್ರೋಗ್ರಾಮರುಗಳು ಹಳೆಯ ಭಾಷೆಯನ್ನು ಉಳಿಸುವಂತೆ ಮನವಿ ಸಲ್ಲಿಸಿದರು, ಕಂಪೆನಿ ಒಪ್ಪಲಿಲ್ಲ. 2008ರ ಏಪ್ರಿಲ್‌ನಲ್ಲಿ ಅದರ ಬೆಂಬಲ ಪೂರ್ಣವಾಗಿ ನಿಂತಿತು.

ಹಾಗಾದರೆ ಉತಾರಗಳ ಗತಿ? ದಾಖಲೆಗಳನ್ನು ಭಾಷೆಯಲ್ಲಿ ಅಲ್ಲ, ಪ್ರತ್ಯೇಕವಾದ ದತ್ತಸಂಚಯದಲ್ಲಿ ಇರಿಸಿದ್ದರಿಂದ ಅವುಗಳಿಗೆ ಧಕ್ಕೆ ಇರಲಿಲ್ಲ. ಕಣಜ ಬೇರೆ, ಬಾಗಿಲು ಬೇರೆ. ಬಾಗಿಲು ಹಳತಾದರೆ ಕಾಳು ಕೆಡುವುದಿಲ್ಲ. ಆದರೆ ಪ್ರೋಗ್ರಾಮಿನೊಳಗೆ ನಿಯಮಗಳೂ ಅಡಗಿರುತ್ತವೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥಪಡಿಸಬೇಕು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು ಎಂಬ ಕಟ್ಟುಪಾಡುಗಳನ್ನು ‘ಭೂಮಿ’ ತನ್ನೊಳಗೇ ಹೊಂದಿತ್ತು. ಭಾಷೆ ಬದಲಾದಾಗ ಮರಳಿ ಬರೆಯಬೇಕಾದದ್ದು ಇಂಥ ಕಟ್ಟುಪಾಡುಗಳನ್ನು. ಒಂದು ಸಾಲು ತಪ್ಪಿದರೂ ಸರದಿ ತಪ್ಪುವುದು ರೈತನದು.