ಮಕ್ಕಳು ತುಂಬಿದ ಮನೆಯ ಲೆಕ್ಕಾಚಾರ

ಮಗು ಎಷ್ಟು ತಿಂಗಳಿಗೆ ಕವುಚಿ ಬಿತ್ತು? ಕುಳಿತದ್ದು ಯಾವಾಗ? ನಡೆಯಲು ತೊಡಗಿತೇ? ಎಳೆಯ ಮಕ್ಕಳಿರುವ ಮನೆಗೆ ಬಂದ ನೆಂಟರು ಕಾಫಿ ಬರುವ ಮೊದಲೇ ಕೇಳುವ ಪ್ರಶ್ನೆಗಳಿವು. ಇಂದಿನ ತಾಯಿ ಇದಕ್ಕೆ ತಿಂಗಳು, ವಾರಗಳ ಲೆಕ್ಕದಲ್ಲಿ ಉತ್ತರ ಕೊಡುತ್ತಾಳೆ. ನಿಟ್ಟೆ, ಕಾರ್ಕಳ, ಕಾಪು ಕಡೆಯ ಹಳೆಯ ತಲೆಮಾರಿನ ಹೆಂಗಸರು ಹೇಳುವ ರೀತಿ ಬೇರೆ. ಏಣೆಲಿನ ನಾಟಿಯ ಹೊತ್ತಿಗೆ ಕುಳಿತಿದ್ದ, ದೀಪಾವಳಿಗೆ ಹೊಸ್ತಿಲು ದಾಟಿದ, ಸುಗ್ಗಿಯ ಕೊಯ್ಲಿಗೆ ಅಂಗಳದಲ್ಲಿ ನಡೆಯುತ್ತಿದ್ದ ಎಂದು ಅವರ ಲೆಕ್ಕ. ಗದ್ದೆಯ ಬೆಳೆಯ ಜತೆಗೇ ಮಗುವಿನ ಬೆಳವಣಿಗೆಯೂ ನೆನಪಿನಲ್ಲಿ ಉಳಿಯುತ್ತಿತ್ತು. ಒಂದೆರಡು ತಿಂಗಳು ಆಚೀಚೆಯಾದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಈ ನಿಶ್ಚಿಂತೆ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ನೋಡಬೇಕಾದರೆ ಆ ಮನೆಗಳನ್ನು ತುಸು ಅರಿಯಬೇಕು.

ತಾಯಿಮನೆಯ ಮಕ್ಕಳು

ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ನಡೆದುಬಂದದ್ದು ಅಳಿಯಸಂತಾನ ಪದ್ಧತಿ. ಇಲ್ಲಿ ಮಗು ಸೇರುವುದು ತಾಯಿಯ ಕುಟುಂಬಕ್ಕೆ. ಹೆಣ್ಣು ಮದುವೆಯಾದ ಮೇಲೂ ಹುಟ್ಟಿದ ಕುಟುಂಬದ ಸದಸ್ಯೆಯಾಗಿಯೇ ಉಳಿಯುತ್ತಿದ್ದಳು. ಅವಳ ಮಕ್ಕಳ ಹೊಣೆಯಲ್ಲಿ ಸೋದರಮಾವನಿಗೆ ದೊಡ್ಡ ಪಾಲಿತ್ತು. ಹೀಗಾಗಿ ಅಕ್ಕತಂಗಿಯರ ಮಕ್ಕಳು ಒಂದೇ ಅಂಗಳದಲ್ಲಿ ಬೆಳೆಯುವುದು ಸಾಮಾನ್ಯವಾಗಿತ್ತು.

ಒಂದು ಮನೆಯಲ್ಲಿ ಮೂವರು ಅಕ್ಕತಂಗಿಯರು, ಒಬ್ಬೊಬ್ಬರಿಗೆ ಮೂರು ಮಕ್ಕಳು ಎಂದಿಟ್ಟುಕೊಳ್ಳಿ. ಒಂಬತ್ತು ಮಕ್ಕಳಲ್ಲಿ ಒಂದು ತೊಟ್ಟಿಲಲ್ಲಿದ್ದರೆ ಇನ್ನೊಂದು ಅಂಬೆಗಾಲಿಡುತ್ತಿದೆ, ಮತ್ತೊಂದು ಗೋಡೆ ಹಿಡಿದು ನಿಲ್ಲುತ್ತಿದೆ, ಮಗದೊಂದು ತೊದಲುತ್ತಿದೆ. ತನ್ನ ಮಗುವಿಗಿಂತ ಆರು ತಿಂಗಳು ಮುಂದಿರುವ ಮಗು, ಆರು ತಿಂಗಳು ಹಿಂದಿರುವ ಮಗು ಎರಡೂ ತಾಯಿಯ ಕಣ್ಣೆದುರೇ ಇವೆ. ಬೇಗ ನಡೆದವನು ತಡವಾಗಿ ಮಾತಾಡಿದ್ದನ್ನು, ತಡವಾಗಿ ಹಲ್ಲು ಬಂದವಳು ಬೇಗ ಓಡಿದ್ದನ್ನು ಅವಳು ಕಂಡಿದ್ದಾಳೆ. ಪುಸ್ತಕದಲ್ಲಿ ಓದಬೇಕಾದ್ದನ್ನು ಅಂಗಳವೇ ಕಲಿಸುತ್ತಿತ್ತು.

ಕೆಲಸವೂ ಹಂಚಿಹೋಗುತ್ತಿತ್ತು. ಎಳೆಕೂಸನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುವುದು ಅಜ್ಜಿಯ ಅಥವಾ ಬಾಣಂತನಕ್ಕೆ ಬಂದ ಹೆಂಗಸಿನ ಕೆಲಸ. ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕಾಯಿಸುವ ಮಣ್ಣಿ ಒಂದೇ ಪಾತ್ರೆಯಲ್ಲಿ ಎರಡು ಮೂರು ಮಕ್ಕಳಿಗೆ ಆಗುತ್ತಿತ್ತು. ಅದೇ ಹಾಳೆಯ ಮೇಲೆ ದೊಡ್ಡ ಮಕ್ಕಳು ಚಿಕ್ಕವರನ್ನು ಕೂರಿಸಿ ಅಂಗಳದಲ್ಲಿ ಎಳೆಯುತ್ತಿದ್ದರು. ತಾಯಿ ಗದ್ದೆಗೆ ಹೋದರೂ ಅಳುವ ಮಗುವನ್ನು ಎತ್ತಿಕೊಳ್ಳಲು ಒಂದು ಕೈ ಇದ್ದೇ ಇರುತ್ತಿತ್ತು.

ಹಳೆಯ ಮನೆಯ ಇನ್ನೊಂದು ಮುಖ

ಹಾಗೆಂದು ಹಳೆಯದೆಲ್ಲ ಒಳ್ಳೆಯದಾಗಿತ್ತು ಎನ್ನುವಂತಿಲ್ಲ. ಭಾರತದಲ್ಲಿ 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಈ ಸಂಖ್ಯೆ 28ಕ್ಕೆ ಇಳಿದಿತ್ತು, ಕರ್ನಾಟಕದಲ್ಲಿ 19. ಒಂಬತ್ತು ಮಕ್ಕಳ ಅಂಗಳದ ಹಿಂದೆ ಉಳಿಯದೆ ಹೋದ ಮಕ್ಕಳ ನೆನಪೂ ಇರುತ್ತಿತ್ತು. ಕಿವಿ ಕೇಳದ ಮಗುವನ್ನು ‘ಮಾತು ತಡ’ ಎಂದು, ಕಾಲಿನಲ್ಲಿ ಬಲವಿಲ್ಲದ ಮಗುವನ್ನು ‘ನಡೆದೀತು ಬಿಡಿ’ ಎಂದು ವರ್ಷಗಟ್ಟಲೆ ಕಾದದ್ದುಂಟು. ಹುಟ್ಟಿದ ಕೆಲವೇ ದಿನಗಳಲ್ಲಿ ಬಜೆ ತೇಯ್ದು ನೆಕ್ಕಿಸುವ ರೂಢಿಯಿತ್ತು. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ ಎಂಬುದು ಇಂದಿನ ವೈದ್ಯರ ಖಚಿತ ಮಾತು. ಚಿಕ್ಕವರನ್ನು ನೋಡಿಕೊಳ್ಳಲೆಂದು ಶಾಲೆ ಬಿಟ್ಟ ದೊಡ್ಡ ಮಗಳ ಕತೆ ಎಷ್ಟೋ ಮನೆಗಳದು. ‘ಇದ್ದೇ ಇರುತ್ತಿದ್ದ ಕೈ’ ಅನೇಕ ಸಲ ಎಂಟು ಹತ್ತು ವರ್ಷದ ಹುಡುಗಿಯ ಕೈಯೇ ಆಗಿತ್ತು.

ಈ ಮನೆಗಳು ಒಡೆಯಲು ಕಾನೂನೂ ಕಾರಣವಾಯಿತು. ಎಲ್ಲರ ಒಪ್ಪಿಗೆಯಿಲ್ಲದೆ ಪಾಲಾಗದಿದ್ದ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ, ಎಂದರೆ ಕುಟುಂಬದ ಕವಲುಗಳಿಗೆ, ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಕ್ಕಳಿಗೆ ತಂದೆಯ ಆಸ್ತಿಯಲ್ಲೂ ಹಕ್ಕು ಒದಗಿಸಿತು. 1974ರ ಭೂಸುಧಾರಣೆ, ಮುಂಬಯಿಯ ಉದ್ಯೋಗ, ಶಿಕ್ಷಣ ಉಳಿದದ್ದನ್ನು ಮಾಡಿದವು. ಕುಟುಂಬ ಒಡೆದಂತೆ ಮಕ್ಕಳ ಸಂಖ್ಯೆಯೂ ಇಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳು 1992–93ರಲ್ಲಿ 2.85 ಇದ್ದದ್ದು 2019–21ಕ್ಕೆ 1.7ಕ್ಕೆ ಇಳಿದಿತ್ತು. ಈಗ ಎರಡು ಮೂರು ಎಳೆಯ ಮಕ್ಕಳಿರುವ ತಾಯಿಯೇ ಅಪರೂಪ. ಅವಳ ಜತೆ ಅಕ್ಕತಂಗಿಯರಿಲ್ಲ. ಹೋಲಿಸಿ ನೋಡಲು ಇರುವುದು ತನ್ನದೇ ಮೊದಲ ಮಗು ಮಾತ್ರ.

ಎಷ್ಟು ತಿಂಗಳಿಗೆ ನಡೆಯಬೇಕು?

ಅಂಗಳದ ಅನುಭವವನ್ನು ವಿಜ್ಞಾನವೂ ಬಹುಮಟ್ಟಿಗೆ ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳ ಚಲನೆಯನ್ನು ನಿಯತವಾಗಿ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಧಾರವಿಲ್ಲದೆ ಕುಳಿತುಕೊಳ್ಳುವುದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5 ತಿಂಗಳೊಳಗೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಎಂದರೆ ಒಂದು ಮಗು ಒಂಬತ್ತು ತಿಂಗಳಿಗೆ ನಡೆದು ಇನ್ನೊಂದು ಹದಿನೇಳಕ್ಕೆ ನಡೆದರೂ ಎರಡೂ ಸರಿಯೇ. ನೂರರಲ್ಲಿ ಸುಮಾರು ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದವು. ‘ಅಣ್ಣ ಇಷ್ಟು ಹೊತ್ತಿಗೆ ಓಡುತ್ತಿದ್ದ’ ಎಂದು ತಮ್ಮನ ಬಗ್ಗೆ ಕೊರಗುವುದಕ್ಕೆ ಅರ್ಥವಿಲ್ಲ. ಬೇಗ ನಡೆಯಲೆಂದು ಮಗುವನ್ನು ಚಕ್ರದ ವಾಕರಿನಲ್ಲಿ ಕೂರಿಸುವುದೂ ವ್ಯರ್ಥ. ಮೆಟ್ಟಿಲಿನಿಂದ ಉರುಳುವ ಅಪಾಯದಿಂದಾಗಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಆದರೆ ಈ ಅಂಕಿಗಳಿಗೆ ಮೇಲಿನ ಮಿತಿಯೂ ಇದೆ ಎಂಬುದನ್ನು ಮರೆಯಬಾರದು. ಹಳೆಯ ಮನೆ ಎಡವಿದ್ದು ಇಲ್ಲಿಯೇ. ಒಂಬತ್ತು ತಿಂಗಳು ದಾಟಿದರೂ ಕುಳಿತುಕೊಳ್ಳದ, ಒಂದೂವರೆ ವರ್ಷವಾದರೂ ನಡೆಯದ, ಸದ್ದಿಗೆ ತಿರುಗಿ ನೋಡದ, ಕಲಿತ ಮಾತು ಮರೆಯುತ್ತಿರುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಕಿವಿಯ ತೊಂದರೆ ಮೊದಲ ವರ್ಷದಲ್ಲೇ ಗೊತ್ತಾದರೆ ಮಾತು ಕಲಿಸಲು ದಾರಿಯಿದೆ. ನಾಲ್ಕು ವರ್ಷ ಕಾದರೆ ಆ ದಾರಿ ಕಿರಿದಾಗುತ್ತದೆ. ಹಲವು ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲದ ಮಗು ಹಿಂದೆ ಉಳಿಯುವ ಅಪಾಯ ಹೆಚ್ಚು. ಅಳುವವನ ಕಡೆಗೆ ಎಲ್ಲರೂ ಓಡುತ್ತಾರೆ, ಸುಮ್ಮನೆ ಕುಳಿತವಳನ್ನು ‘ಪಾಪದ ಮಗು’ ಎಂದು ಹೊಗಳಿ ಬಿಟ್ಟುಬಿಡುತ್ತಾರೆ.

ಅಂಗಳದ ಕೆಲಸದ ಒಂದು ಭಾಗವನ್ನು ಈಗ ಅಂಗನವಾಡಿ ಮಾಡುತ್ತಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೂಸು ಅದು. ಅಲ್ಲಿ ಮಗುವನ್ನು ತೂಗುತ್ತಾರೆ, ಚುಚ್ಚುಮದ್ದಿನ ದಿನ ನೆನಪಿಸುತ್ತಾರೆ. ಮೂರು ವರ್ಷದ ಮಗುವಿಗೆ ಆಡಲು ಓರಗೆಯವರು ಸಿಗುತ್ತಾರೆ, ಅಕ್ಕ ಶಾಲೆಗೆ ಹೋಗಬಹುದು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ಕುಂಠಿತವನ್ನು ಗುರುತಿಸುವ ತಪಾಸಣೆಯೂ ಸೇರಿದೆ. ಒಂದು ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷ ಅಂತರವಿರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ತಾಯಿಯ ಆರೋಗ್ಯಕ್ಕೂ ಮಗುವಿನ ಪಾಲನೆಗೂ ಒಳ್ಳೆಯದು.

ಆದರೂ ತೂಕದ ಕಾರ್ಡು ಮಗುವನ್ನು ಎತ್ತಿಕೊಳ್ಳಲಾರದು. ಎರಡು ವರ್ಷದವನು ಜ್ವರದಿಂದ ಮಲಗಿ, ಆರು ತಿಂಗಳಿನವಳು ಅಳುತ್ತಿರುವ ರಾತ್ರಿ ತಾಯಿಗೆ ಬೇಕಾದದ್ದು ಇನ್ನೊಂದು ಜತೆ ಕೈಗಳು. ಹಿಂದೆ ಅದನ್ನು ಅಕ್ಕತಂಗಿಯರು, ಅಜ್ಜಿಯರು ಒದಗಿಸುತ್ತಿದ್ದರು. ಮಾವ ಹೊರಗಿನ ಹೊಣೆ ಹೊರುತ್ತಿದ್ದ. ಇಂದಿನ ಪುಟ್ಟ ಮನೆಯಲ್ಲಿ ಆ ಜಾಗದಲ್ಲಿರುವವನು ತಂದೆ. ಮೀಯಿಸುವುದು, ಉಣ್ಣಿಸುವುದು, ತೊಟ್ಟಿಲು ತೂಗುವುದು ಹೆಂಗಸರ ಕೆಲಸವೆಂಬ ಮಾತನ್ನು ಬಿಟ್ಟು ಅವನು ಎದ್ದು ಬಂದರೆ, ಅಂಗಳದ ಮನೆಯಿಂದ ನಾವು ಕಲಿಯಬೇಕಾದ್ದನ್ನು ಕಲಿತಂತೆ.