ಆಂಗ್ರ್ ಎಳೆದ ಉದ್ದ ಬೆನ್ನು

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳ ಮುಂದೆ ಈಸಲ್ ನಿಲ್ಲಿಸಿಕೊಂಡು ನಕಲು ಬರೆಯುವವರು ಕಾಣಸಿಗುತ್ತಾರೆ. 1793ರಲ್ಲಿ ಬಾಗಿಲು ತೆರೆದಾಗಿನಿಂದ ನಡೆದುಬಂದ ಕಲಿಕೆ ಇದು. ಮೊದಲೇ ಅನುಮತಿ ಪಡೆಯಬೇಕು. ನಕಲು ಮೂಲಕ್ಕಿಂತ ಐದನೇ ಒಂದು ಭಾಗದಷ್ಟು ಚಿಕ್ಕದೋ ದೊಡ್ಡದೋ ಇರಬೇಕು. ಮೂಲ ಕಲಾವಿದನ ಸಹಿ ಹಾಕುವಂತಿಲ್ಲ. ಚಿತ್ರಕಾರರಾದ ಡೆಗಾ, ಸೆಜಾನ್ ಇಬ್ಬರೂ ಇಲ್ಲಿ ಕೈ ಪಳಗಿಸಿಕೊಂಡವರು.

ಫ್ರೆಂಚ್ ಚಿತ್ರಕಾರ ಆಂಗ್ರ್ 1814ರಲ್ಲಿ ಬರೆದ ‘ಗ್ರಾಂದ್ ಒಡಲಿಸ್ಕ್’ ಇರುವುದೂ ಅಲ್ಲೇ. ಬೆನ್ನು ತೋರಿಸಿ ಒರಗಿದ ಹೆಣ್ಣು ಕತ್ತು ಹೊರಳಿಸಿ ನೋಡುತ್ತಾಳೆ. ಎತ್ತರ 91 ಸೆಂ.ಮೀ., ಅಗಲ 162. ನಿಯಮದಂತೆ ಇಳಿಸಿದರೆ ವಿದ್ಯಾರ್ಥಿಯ ಕ್ಯಾನ್ವಾಸ್ ಸುಮಾರು 73ಕ್ಕೆ 130. ಚೌಕಗಳನ್ನು ಹಾಕಿಕೊಂಡು ಅಳೆದು ಎಳೆಯುವಾಗಲೇ ಮೊದಲ ಅಚ್ಚರಿ ಎದುರಾಗುತ್ತದೆ: ಇಷ್ಟುದ್ದ ಬೆನ್ನು ಯಾರಿಗೂ ಇರುವುದಿಲ್ಲ! 1819ರ ಸಲಾನ್ ಪ್ರದರ್ಶನದಲ್ಲಿ ಚಿತ್ರ ಟೀಕೆಗೆ ಗುರಿಯಾಯಿತು. ಬೆನ್ನೆಲುಬಿಗೆ ಮೂರು ಮಣಿ ಹೆಚ್ಚಾಗಿವೆ ಎಂಬ ಆಕ್ಷೇಪ ಅದಕ್ಕೆ ಇಂದಿಗೂ ಅಂಟಿಕೊಂಡಿದೆ. ಚಿತ್ರಕಾರ ದಾವೀದ್‌ನ ಗರಡಿಯಲ್ಲಿ ಪಳಗಿದ ಆಂಗ್ರ್‌ಗೆ ಲೆಕ್ಕ ತಪ್ಪಿರಲಾರದು. ಕತ್ತಿನಿಂದ ಸೊಂಟಕ್ಕಿಳಿಯುವ ಆ ಬಾಗು ಅವನಿಗೆ ಬೇಕಿತ್ತು. ಬೆನ್ನನ್ನು ಸರಿಪಡಿಸಲು ಹೊರಟ ವಿದ್ಯಾರ್ಥಿಯ ಕೈಯಲ್ಲಿ ಬಾಗು ಮುರಿಯುತ್ತದೆ.

ಬಣ್ಣದ ಪಾಠ ಇನ್ನೂ ನಿಧಾನ. ಮೈಬಣ್ಣವನ್ನು ಕಲಸಿ ಒಂದೇ ಸಲಕ್ಕೆ ಹಚ್ಚಿದರೆ ಚರ್ಮ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಹಳೆಯ ಕ್ರಮದಲ್ಲಿ ಕ್ಯಾನ್ವಾಸಿಗೆ ಮೊದಲು ತೆಳು ಕಂದು, ಅದರ ಮೇಲೆ ಬೂದುಬಣ್ಣದಲ್ಲೇ ಇಡೀ ಮೈಯ ನೆರಳು ಬೆಳಕು. ಒಣಗಿದ ಮೇಲೆ ಪಾರದರ್ಶಕ ಪದರಗಳಾಗಿ ಹಳದಿ, ಕೆಂಪು. ಬೆಳಕು ನೆರಳಿಗೆ ತಿರುಗುವ ಕಡೆ ಅಡಿಯ ಬೂದು ಇಣುಕಿದಾಗಲೇ ಮೈಗೆ ಜೀವ ಬರುವುದು. ಇದೇ ಒಡಲಿಸ್ಕ್‌ಳ ಬೂದುಬಣ್ಣದ ರೂಪವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ನೆರಳು ಬೆಳಕನ್ನಷ್ಟೇ ಅಭ್ಯಾಸ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಆತುರ ಇಲ್ಲಿ ನಡೆಯದು. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿದ್ದಷ್ಟೂ ಪದರ ಒಣಗುವುದು ನಿಧಾನ. ಆದ್ದರಿಂದ ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ತಿರುಗುಮುರುಗಾದರೆ ಬಿರುಕು ಖಂಡಿತ.

ಹೆಸರು ಮಾಡಿದವರೂ ಈ ಅಭ್ಯಾಸ ಬಿಟ್ಟಿರಲಿಲ್ಲ. 1628ರಲ್ಲಿ ರಾಜತಾಂತ್ರಿಕ ಕೆಲಸಕ್ಕೆ ಮ್ಯಾಡ್ರಿಡ್‌ಗೆ ಹೋದ ರೂಬೆನ್ಸ್‌ಗೆ ಆಗಲೇ 51 ವರ್ಷ. ಆದರೂ ಟಿಷಿಯನ್‌ನ ‘ಆಡಮ್ ಮತ್ತು ಈವ್’ ಚಿತ್ರವನ್ನು ನಕಲಿಸಲು ಕೂತ. ಹಿಂದಕ್ಕೆ ವಾಲಿದ್ದ ಆಡಮ್‌ನನ್ನು ಮುಂದಕ್ಕೆ ಬಾಗಿಸಿದ, ಮರದ ಮೇಲೊಂದು ಕೆಂಪು ಗಿಳಿ ಕೂರಿಸಿದ. ಮೂಲ, ನಕಲು ಎರಡೂ ಈಗ ಮ್ಯಾಡ್ರಿಡ್ಡಿನ ಪ್ರಾಡೋ ಮ್ಯೂಸಿಯಂನಲ್ಲಿವೆ. ತೈಲವರ್ಣ ಕಲಿಯುತ್ತಿರುವವರು ಬ್ರಷ್ ಹಿಡಿಯುವ ಮೊದಲು ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ.