ನರ ಹಿಡಿದಿದೆ, ಸ್ವಲ್ಪ ಗಟ್ಟಿಯಾಗಿ ಒತ್ತಿ

ಬೆಂಗಳೂರಿನ ಶಿವಾಜಿನಗರದ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರೂ, ಇಂದಿರಾನಗರದ ನೂರಡಿ ರಸ್ತೆಯ ಸ್ಪಾದಲ್ಲಿ ಬೋರಲು ಮಲಗಿದವರೂ ಹೇಳುವ ಮಾತು ಒಂದೇ: "ಇಲ್ಲಿ ನರ ಹಿಡಿದಿದೆ, ಸ್ವಲ್ಪ ಗಟ್ಟಿಯಾಗಿ ಒತ್ತಿ." ಒಂದು ಕಡೆ ಅದಕ್ಕೆ ಮಾಲೀಸು ಎಂದು ಹೆಸರು, ಇನ್ನೊಂದು ಕಡೆ ಡೀಪ್ ಟಿಶ್ಯೂ ಮಸಾಜ್. ಬೆಲೆಯಲ್ಲಿ ಅಜಗಜಾಂತರವಿದ್ದರೂ ನಂಬಿಕೆಯಲ್ಲಿ ವ್ಯತ್ಯಾಸವಿಲ್ಲ. ಒಳಗೆ ಏನೋ ಸಿಕ್ಕಿಕೊಂಡಿದೆ, ಬಲ ಹಾಕಿ ಅದನ್ನು ಬಿಡಿಸಬೇಕು, ನೋವಾದಷ್ಟೂ ಬಿಡುತ್ತಿದೆ ಎಂದರ್ಥ.

ಈ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಮಾತಿನಲ್ಲೇ ಇದೆ. ಕೈಮೇಲೆ ನೀಲಿಯಾಗಿ ಉಬ್ಬಿ ಕಾಣುವುದನ್ನು ನರ ಎನ್ನುತ್ತೇವೆ, ಅದು ರಕ್ತನಾಳ. ಹಿಮ್ಮಡಿಯ ಮೇಲೆ ಹಗ್ಗದಂತೆ ಕೈಗೆ ಸಿಗುವುದನ್ನೂ ನರ ಎನ್ನುತ್ತೇವೆ, ಅದು ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ. ಮಿದುಳಿಗೂ ಮೈಗೂ ನಡುವೆ ಸುದ್ದಿ ಸಾಗಿಸುವುದು ಮಾತ್ರ ನಿಜವಾದ ನರ. ಹೆಗಲಿನ ಹಿಂದೆ ಬೆರಳಿಗೆ ಗಂಟಿನಂತೆ ತಾಗುವುದು ಸಾಮಾನ್ಯವಾಗಿ ಈ ಮೂರೂ ಅಲ್ಲ. ಅದು ಮಾಂಸಖಂಡದಲ್ಲೇ ಬಿಗಿಯಾಗಿ, ಮುಟ್ಟಿದರೆ ನೋಯುವ ಒಂದು ಜಾಗ. ಅಲ್ಲಿ ಗಂಟು ಬಿದ್ದ ದಾರವೂ ಇಲ್ಲ, ಮಡಚಿಕೊಂಡ ನರವೂ ಇಲ್ಲ.

ಹಾಗಾದರೆ ಒತ್ತಿದಾಗ ಹಗುರವಾಗುವುದು ಹೇಗೆ? ಬಲ್ಲವರು ಮೊದಲು ಎಣ್ಣೆ ಹಚ್ಚಿ, ಮೇಲುಮೇಲೆ ನೀವಿ ಮೈ ಬೆಚ್ಚಗಾಗಿಸುತ್ತಾರೆ. ಆಮೇಲೆ ಬೆರಳ ಗೆಣ್ಣು, ಮುಂಗೈ, ಕೆಲವೊಮ್ಮೆ ಮೊಣಕೈ ಊರಿ, ಸ್ನಾಯುವಿನ ಉದ್ದಕ್ಕೂ ತೀರಾ ನಿಧಾನವಾಗಿ ಸಾಗುತ್ತಾರೆ. ಹೀಗೆ ಒತ್ತಿದಾಗ ಸ್ನಾಯುಗಳನ್ನು ಸುತ್ತಿದ ಪೊರೆ ಹಿಗ್ಗುತ್ತದೆ, ಅಂಟಿಕೊಂಡದ್ದು ಹರಿಯುತ್ತದೆ ಎಂಬ ವಿವರಣೆ ಬಹಳ ಕಾಲದಿಂದ ಇದೆ. 2008ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಗಣಿತದಿಂದ ಲೆಕ್ಕ ಹಾಕಿ ನೋಡಿದರು. ತೊಡೆಯ ಹೊರಮಗ್ಗುಲಿನ ಗಟ್ಟಿ ಪೊರೆಯ ಆಕಾರವನ್ನು ಶೇ 1ರಷ್ಟು ಬದಲಿಸಬೇಕಾದರೂ ಮನುಷ್ಯರ ಕೈಗೆ ಎಟುಕದಷ್ಟು ಬಲ ಬೇಕು ಎಂದು ತಿಳಿಯಿತು.

ಬದಲಾಗುವುದು ನೋವಿನ ಸುದ್ದಿ. ಬಿದ್ದು ಮಂಡಿ ತರಚಿಕೊಂಡ ಮಗುವನ್ನು ಎತ್ತಿಕೊಂಡು ಅಜ್ಜಿ ಮಾಡುವ ಮೊದಲ ಕೆಲಸ ಆ ಜಾಗದ ಸುತ್ತ ನೀವುವುದು. ಅದು ಬರೀ ಸಮಾಧಾನವಲ್ಲ. ಸ್ಪರ್ಶ ಮತ್ತು ಒತ್ತಡದ ಸುದ್ದಿ ಬೆನ್ನುಹುರಿಗೆ ತಲುಪಿದಾಗ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಈ ವಿಚಾರ ಆಮೇಲೆ ಸಾಕಷ್ಟು ತಿದ್ದುಪಡಿ ಕಂಡಿದೆ, ತಿರುಳು ಉಳಿದಿದೆ. ನೋವು ಇಳಿದಾಗ, ಕಾವಲಿಗೆಂದು ಬಿಗಿದು ನಿಂತ ಸ್ನಾಯು ಸಡಿಲವಾಗುತ್ತದೆ. ಅಂದರೆ ಇದು ನರದ್ದೇ ಕೆಲಸ, ಆದರೆ ಎಲ್ಲೋ ಸಿಕ್ಕಿಹಾಕಿಕೊಂಡ ನರದ ಕೆಲಸವಲ್ಲ.

ಇಷ್ಟು ತಿಳಿದ ಮೇಲೆ "ನೋವಾದರೇ ಗುಣ" ಎಂಬ ಮಾತು ನಿಲ್ಲುವುದಿಲ್ಲ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ತಡೆದುಕೊಳ್ಳುವಷ್ಟು ಒತ್ತಿದರೆ ಮೈ ಅದನ್ನು ಪೆಟ್ಟು ಎಂದೇ ಓದಿಕೊಂಡು ಇನ್ನಷ್ಟು ಬಿಗಿಯುತ್ತದೆ. 2011ರಲ್ಲಿ ಅಮೆರಿಕದ ಸಿಯಾಟಲ್ ಸುತ್ತಮುತ್ತ, ಬಹುಕಾಲದ ಸೊಂಟನೋವಿನ 401 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಕೆಲವರಿಗೆ ಆಳದ ಸ್ನಾಯುಗಳನ್ನು ಗುರಿಯಿಟ್ಟು ಒತ್ತುವ ಮಸಾಜ್, ಕೆಲವರಿಗೆ ಬರೀ ಹಿತಕ್ಕೆ ನೀವುವ ಮಸಾಜ್, ಉಳಿದವರಿಗೆ ಮಾಮೂಲಿ ಚಿಕಿತ್ಸೆ. 10 ವಾರಗಳ ಕೊನೆಗೆ ಮಸಾಜ್ ಮಾಡಿಸಿಕೊಂಡ ಎರಡೂ ಗುಂಪು ಮೂರನೆಯದಕ್ಕಿಂತ ಚೆನ್ನಾಗಿತ್ತು. ಆದರೆ ಅವೆರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಲಾಭ ಆರು ತಿಂಗಳವರೆಗೆ ಕಂಡಿತು, ವರ್ಷ ತುಂಬುವ ಹೊತ್ತಿಗೆ ಬಹುಪಾಲು ಕರಗಿತ್ತು. ಆಳಕ್ಕೆ ಒತ್ತಿಸಿಕೊಳ್ಳುವುದು ನಿಮಗೆ ಹಿತವೆನಿಸಿದರೆ ಒತ್ತಿಸಿಕೊಳ್ಳಿ. ಹಿತವಿಲ್ಲದಿದ್ದರೆ ಸಹಿಸಿಕೊಂಡು ಮಲಗಿರಬೇಕಾದ ಅಗತ್ಯವೇ ಇಲ್ಲ.

ಮಸಾಜಿನಿಂದ ಮೈಯ ವಿಷವೆಲ್ಲ ಹೊರಹೋಗುತ್ತದೆ ಎಂಬ ಬರಹ ಎಷ್ಟೋ ಸ್ಪಾಗಳ ಗೋಡೆಯಲ್ಲಿದೆ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು, ಬೆನ್ನು ಒತ್ತಿದರೆ ಅವು ಚುರುಕಾಗುವುದಿಲ್ಲ. ಲ್ಯಾಕ್ಟಿಕ್ ಆಮ್ಲದ ಕಥೆಯೂ ಹೀಗೆಯೇ. ಓಡಿದ ಮೇಲೆ ಅದು ಸುಮಾರು ಒಂದು ತಾಸಿನಲ್ಲಿ ತಾನಾಗಿಯೇ ಇಳಿಯುತ್ತದೆ. ಮರುದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿಯುವುದು ಸ್ನಾಯುವಿನ ಎಳೆಗಳಿಗೆ ಆದ ಅತಿ ಸಣ್ಣ ಗಾಯದಿಂದ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಣಿದ ಕೈಗೆ ಮಸಾಜ್ ಮಾಡಿದಾಗ ರಕ್ತದ ಹರಿವಿಗೇ ಅಡ್ಡಿಯಾಗಿ ಲ್ಯಾಕ್ಟಿಕ್ ಆಮ್ಲದ ತೆರವು ನಿಧಾನವಾಗಿತ್ತು.

ಆದ್ದರಿಂದ ಪ್ರಯೋಜನ ಯಾರಿಗೆ ಎಂದರೆ, ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಹಿಡಿದು ಹೋಗಿ ದಿನವಿಡೀ ಕಂಪ್ಯೂಟರ್ ಮುಂದೆ ಕತ್ತು ಬಗ್ಗಿಸುವವರಿಗೆ ಉಂಟು. ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಬೆನ್ನಿಗೂ ಉಂಟು, ಅದು ಕೈಗೆಟುಕುವುದು ಮಾತ್ರ ಅವರಿಗೆ ಕಷ್ಟ. ದಂಡು ಪ್ರದೇಶದ ರಸ್ತೆಗಳಲ್ಲಿ ಪ್ರತಿವರ್ಷದ ಹತ್ತು ಕಿ.ಮೀ. ಓಟ ಮುಗಿಸಿದವರಿಗೆ ಮೈಕೈ ನೋವು ಒಂದಿಷ್ಟು ಕಡಿಮೆಯಾದೀತು, ಮುಂದಿನ ಓಟದ ವೇಗ ಹೆಚ್ಚದು. 29 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2020ರ ಪರಿಶೀಲನೆ ಹೇಳಿದ್ದೂ ಇದನ್ನೇ. ನೋವು ಇಳಿದ ಆ ಕೆಲವು ದಿನಗಳನ್ನು ನಡಿಗೆಗೆ, ಬೆನ್ನು ಬಲಪಡಿಸುವ ವ್ಯಾಯಾಮಕ್ಕೆ ಬಳಸಿಕೊಂಡವರಿಗೆ ಹೆಚ್ಚು ದಕ್ಕುತ್ತದೆ. ಜಾರಿದ ಡಿಸ್ಕನ್ನು ಒತ್ತಿ ಒಳಕ್ಕೆ ತಳ್ಳುತ್ತೇವೆ ಎನ್ನುವವರನ್ನು ಮಾತ್ರ ನಂಬಬೇಡಿ, ಅದು ಯಾರ ಕೈಯಿಂದಲೂ ಆಗದು.

ಯಾರು ಮಾಡಿಸಿಕೊಳ್ಳಬಾರದು ಎಂಬುದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ, ನನಗೆ ನಿಜವಾಗಿ ಭಯವಿರುವುದು ಅಲ್ಲಿ. ಶಸ್ತ್ರಚಿಕಿತ್ಸೆಯಾಗಿ ಮಲಗೆದ್ದವರಿಗೋ ದೂರದ ವಿಮಾನ ಪ್ರಯಾಣ ಮಾಡಿ ಬಂದವರಿಗೋ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ಒಳಗೆ ರಕ್ತ ಹೆಪ್ಪುಗಟ್ಟಿದ್ದಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಮೂಳೆ ಸವೆದ ಹಿರಿಯರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಲವಾದ ಒತ್ತು ಬೇಡವೇ ಬೇಡ. ಬಿದ್ದು ಊದಿಕೊಂಡ ಕೈಗೆ ಮೊದಲು ಬೇಕಾದದ್ದು ಎಕ್ಸ್‌ರೇ. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ ಕಾಲಳತೆಯಲ್ಲೇ ಇದೆ. ಸೊಂಟನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

2024ರಲ್ಲಿ ಬಳ್ಳಾರಿಯ ಕ್ಷೌರದಂಗಡಿಯೊಂದರಲ್ಲಿ ತಲೆ ಮಾಲೀಸಿನ ಕೊನೆಗೆ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಲಾಯಿತು. ಮಾಡಿಸಿಕೊಂಡವರ ವಯಸ್ಸು 30. ಕುತ್ತಿಗೆಯ ರಕ್ತನಾಳದ ಗೋಡೆ ಸೀಳಿ, ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಅಂಗಡಿಯ ಕುರ್ಚಿಯಲ್ಲಿ ಕೂರುವಾಗಲೇ ಹೇಳಿಬಿಡಿ: "ತಲೆ ತಿಕ್ಕಿದರೆ ಸಾಕಣ್ಣ, ಕತ್ತು ತಿರುವಬೇಡಿ."